ಗೌರವಾಧ್ಯಕ್ಷರು ಬರೆದುಕೊಟ್ಟ ನಡತೆ

ಮನೆ ಕೆಡವುವವರು ಮೇಲಿನಿಂದ ಶುರುಮಾಡುತ್ತಾರೆ ಎನ್ನುವುದೊಂದೇ ಹಲ್ಲು ಕಟ್ಟುವವನಿಗೆ ಉಳಿದಿದ್ದ ಸಮಾಧಾನ. ಅವನ ಸಂಸಾರ ಇದ್ದದ್ದು ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ. ಉಳಿದ ಬಾಡಿಗೆದಾರರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು. ತಾರಸಿ ಹೋಗಿತ್ತು, ಅದರ ಕೆಳಗಿನ ಮಹಡಿಯ ಗೋಡೆಗಳು ಒಂದೊಂದಾಗಿ ಹೋಗುತ್ತಿದ್ದವು. ಕಾಫಿ ಕುಡಿಯಬೇಕಾದರೆ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟುಕೊಂಡು ಗುಟುಕಿಗೊಮ್ಮೆ ಸರಿಸಿ ಕುಡಿಯಬೇಕು. ಮರೆತರೆ ಸಕ್ಕರೆಯ ಜೊತೆ ಸುಣ್ಣವೂ ಹೊಟ್ಟೆಗೆ. “ನಿಮ್ಮ ಸೂರು ಮುಟ್ಟೋದು ಎಲ್ಲಕ್ಕಿಂತ ಕೊನೆಗೆ ಸ್ವಾಮಿ, ಅಲ್ಲೀವರೆಗೆ ನಿಶ್ಚಿಂತೆಯಾಗಿರಿ” ಎಂದು ಕೆಡವುವ ಮೇಸ್ತ್ರಿ ಅಭಯ ಕೊಟ್ಟಿದ್ದ. ನಿಶ್ಚಿಂತೆಯಾಗಿರುವುದು ಹೇಗೆ ಎಂದು ಮಾತ್ರ ಹೇಳಿಕೊಟ್ಟಿರಲಿಲ್ಲ.

ಹೋಗಲು ಜಾಗ ಗೊತ್ತಾಗಿತ್ತು. ಎದುರು ಬೀದಿಯ ಹೊಸ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ತಿರುಗಿಸಿದರೆ ನಿಜವಾಗಿಯೂ ನೀರು ಬರುವ ನಲ್ಲಿ. ಹೆಂಡತಿ ಕಿಟಕಿಯ ಪರದೆಗೆ ಅಳತೆಯನ್ನೂ ತಂದಿಟ್ಟುಕೊಂಡಿದ್ದಳು. ಬೇರೆ ಕಡೆ ಹುಡುಕಲಿಲ್ಲವೇ ಎಂದು ಕೇಳಬೇಡಿ, ಹುಡುಕಿದ್ದರು. ಕೆಲವು ಮನೆಗಳ ಮೆಟ್ಟಿಲು ಅತ್ತೆಗೆ ಹತ್ತಲಾಗುತ್ತಿರಲಿಲ್ಲ, ಉಳಿದವುಗಳ ಬಾಡಿಗೆ ಅಳಿಯನ ಕೈಗೆ ಹತ್ತುತ್ತಿರಲಿಲ್ಲ. ಈ ಕಟ್ಟಡ ಎರಡಕ್ಕೂ ಸರಿಹೋಗಿತ್ತು. ಆದರೆ ಅದಕ್ಕೊಂದು ಕಮಿಟಿ ಇತ್ತು. ಕಮಿಟಿ ಇದ್ದ ಮೇಲೆ ನಿಯಮ ಇರಲೇಬೇಕಲ್ಲ: ಹೊಸದಾಗಿ ಬರುವವರು ಊರಿನ ಗಣ್ಯರೊಬ್ಬರಿಂದ ನಡತೆ ಪತ್ರ ತರಬೇಕು. ಬರೀ ಒಳ್ಳೆಯವನು ಎಂದು ಬರೆದರೆ ಸಾಲದು. ಇವರನ್ನು ಹೇಗೆ ಬಲ್ಲಿರಿ, ಎಷ್ಟು ಕಾಲದಿಂದ ಬಲ್ಲಿರಿ, ಇವರ ಒಳ್ಳೆಯತನವನ್ನು ತಾವೇ ಕಣ್ಣಾರೆ ಕಂಡ ಒಂದು ಪ್ರಸಂಗ ಯಾವುದು ಎಂದು ಗಣ್ಯರು ವಿವರಿಸಬೇಕು. ಆ ಪ್ರಸಂಗ ನಿಜವೋ ಸುಳ್ಳೋ ಎಂದು ಕಮಿಟಿ ಪರಿಶೀಲಿಸುತ್ತದೆ. ಆ ಕಟ್ಟಡದ ಹತ್ತಿರ ಕಳ್ಳರು ಸುಳಿಯದೆ ಇದ್ದದ್ದು ಬೀಗಕ್ಕೆ ಹೆದರಿ ಅಲ್ಲ, ಈ ಅರ್ಜಿಗೆ ಹೆದರಿ.

“ಗಣ್ಯರನ್ನ ಎಲ್ಲಿಂದ ತರೋದು?” ಎಂದು ಅವನು ತಲೆಯ ಮೇಲೆ ಕೈಹೊತ್ತು ಕೂತಾಗ ಹೆಂಡತಿ, “ಯಾಕ್ರೀ, ನಿಮ್ಮ ಗೆಳೆಯರಿಲ್ವಾ?” ಎಂದಳು.

“ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ” ಎಂದರು ಅತ್ತೆ, ಹಲ್ಲುಗಳ ಸಂದಿಯಿಂದ ಗಾರೆಯ ಚೂರೊಂದನ್ನು ತೆಗೆಯುತ್ತ. ಅತ್ತೆಗೆ ಎಂಬತ್ತು ದಾಟಿತ್ತು, ಆದರೆ ಬಾಯಲ್ಲಿ ಒಂದು ಹಲ್ಲೂ ಅಲುಗಿರಲಿಲ್ಲ. ಹಲ್ಲು ಕಟ್ಟುವವನ ಮನೆಯಲ್ಲಿದ್ದುಕೊಂಡು ಅವನ ಕಸುಬಿಗೇ ಅವಮಾನ ಮಾಡುವಂಥ ಬಾಯಿ ಅದು.

ಗೆಳೆಯರು ಎಂದರೆ ಗೌರವಾಧ್ಯಕ್ಷರು. ಊರಿನಲ್ಲಿ ಯಾವ ಸಂಘ ಹುಟ್ಟಿದರೂ ಅದಕ್ಕೆ ಅವರೇ ಅಧ್ಯಕ್ಷರು. ಅಧ್ಯಕ್ಷನಾಗಲು ಬೇರೆ ಯಾರಾದರೂ ಹಟ ಹಿಡಿದರೆ ಇವರು ಗೌರವಾಧ್ಯಕ್ಷರು. ಹಟ ಹಿಡಿಯುವವರು ಹೆಚ್ಚಾದ್ದರಿಂದ ಆ ಹೆಸರೇ ನಿಂತುಹೋಗಿತ್ತು. ಅವರ ಒಂದು ಮಾತಿಗೆ ಮುಚ್ಚಿದ ಬಾಗಿಲು ತೆರೆಯುತ್ತಿತ್ತು, ತೆರೆದ ಕಡತ ಮುಚ್ಚುತ್ತಿತ್ತು. ಅವರ ಭಾಷಣ ಎಲ್ಲಿಂದ ಶುರುವಾದರೂ ಹಲ್ಲಿಗೆ ಬಂದೇ ನಿಲ್ಲುತ್ತಿತ್ತು. “ನನ್ನ ವಯಸ್ಸು ನಿಮಗೆಲ್ಲ ಗೊತ್ತು. ಸುಳ್ಳು ಹೇಳಿದವನಲ್ಲ, ಸಿಹಿ ಮುಟ್ಟಿದವನಲ್ಲ. ನೋಡಿ!” ಎಂದು ಬಾಯಿ ಅಗಲಿಸಿ ತೋರಿಸಿ, ಜೇಬಿನಿಂದ ಸಿಪ್ಪೆ ಬಿಡಿಸದ ಬಾದಾಮಿಯೊಂದನ್ನು ತೆಗೆದು, ಮೈಕಿನ ಮುಂದೆ ಕಟುಂ ಎಂದು ಕಡಿಯುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತ ಒಬ್ಬನ ಎದೆ ಮಾತ್ರ ಆ ಸದ್ದಿಗೆ ಝಲ್ಲೆನ್ನುತ್ತಿತ್ತು. ಆ ಬಾಯಿಯ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಕಟ್ಟಿದವನು ಅವನೇ.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗೌರವಾಧ್ಯಕ್ಷರ ಹಲ್ಲು ಸಕ್ಕರೆ ಮಿಠಾಯಿಯ ಪಾಲಾಗಿ ನಡುವಯಸ್ಸಿಗೇ ಉದುರಿದ್ದವು. ಅಂದಿನಿಂದ ಒಂದೊಂದು ಸಭೆ ಮುಗಿದಾಗಲೂ ಬಾದಾಮಿ ಕಡಿದ ಪೆಟ್ಟಿನಿಂದ ಒಸಡು ಕೆಂಪಾಗಿ, ಮಾರನೆಯ ದಿನ ಮಧ್ಯಾಹ್ನ ಅವರು ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಹಿಂದಿನ ಓಣಿಯಿಂದ ಬರುತ್ತಿದ್ದರು. ಅಂಗಡಿ ಸಾಲಿನ ಬೆನ್ನಿಗೆ ಅಂಟಿಕೊಂಡ ಇವನ ಕೆಲಸದ ಸಣ್ಣ ಕೋಣೆಯಲ್ಲಿ ಗೋಡೆಯ ತುಂಬ ಹಲಗೆಗಳು, ಹಲಗೆಯ ತುಂಬ ಊರವರ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಯಾವ ಅಚ್ಚಿನ ಮೇಲೂ ಹೆಸರಿಲ್ಲ, ಬರೀ ಗುರುತು. ಗೌರವಾಧ್ಯಕ್ಷರು ಒಳಗೆ ಬಂದು, ಬಾಗಿಲಿಗೆ ತಾವೇ ಚಿಲಕ ಹಾಕಿ, ಹಲ್ಲಿನ ಸೆಟ್ ತೆಗೆದು ನೀರಿನ ಬಟ್ಟಲಿಗೆ ಹಾಕುತ್ತಿದ್ದರು.

ಆ ಕ್ಷಣದಿಂದ ಅವರು ಬೇರೆ ಮನುಷ್ಯ. ಕೆನ್ನೆ ಒಳಗೆ ಹೋಗಿ, ತುಟಿ ದಾರ ಎಳೆದ ಸಂಚಿಯಂತಾಗಿ, ಮೊದಲು ಹೊರಡುವ ಮಾತೇ “ಲೋ, ಕಾಫಿ ಹಾಕೋ” ಎಂದು. ಕಾಫಿಯಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ ಊರಿನ ದೊಡ್ಡ ಮನುಷ್ಯರನ್ನೆಲ್ಲ ಒಬ್ಬೊಬ್ಬರಾಗಿ ಅಣಕಿಸುತ್ತಿದ್ದರು, ಕೊನೆಗೆ ತಮ್ಮನ್ನೇ ಅಣಕಿಸಿಕೊಳ್ಳುತ್ತಿದ್ದರು. ಇವನು ಸೆಟ್‌ನಲ್ಲಿ ಒಸಡಿಗೆ ಒತ್ತುವ ಜಾಗವನ್ನು ಹುಡುಕಿ, ಅಷ್ಟನ್ನೇ ತೇಯ್ದು, ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಮೆರುಗು ಕೊಡುತ್ತಿದ್ದ. ಬೇಗ ಮುಗಿಯುವ ಕೆಲಸ. ಬೇಕೆಂದೇ ನಿಧಾನ ಮಾಡುತ್ತಿದ್ದ. ಊರಲ್ಲಿ ಅವನನ್ನು ‘ಲೋ’ ಅನ್ನುವವರು ಬೇರೆ ಯಾರೂ ಉಳಿದಿರಲಿಲ್ಲ, ಆ ಮಧ್ಯಾಹ್ನಗಳೆಂದರೆ ಅವನಿಗೆ ಪ್ರಾಣ.

ಹಲ್ಲು ಬಾಯಿಗೆ ಹೋಯಿತೋ, ಗೌರವಾಧ್ಯಕ್ಷರ ಬೆನ್ನು ನೆಟ್ಟಗಾಗುತ್ತಿತ್ತು. ಕೋಟಿನ ಗುಂಡಿ ಹಾಕಿಕೊಂಡು, “ಹಾಗಾದರೆ ನಾವು ಬರೋಣ. ತಮ್ಮ ಸಹಕಾರಕ್ಕೆ ಧನ್ಯವಾದ” ಎನ್ನುತ್ತಿದ್ದರು. ಇವನೂ ಎದ್ದು ನಿಂತು “ಆಗಲಿ ಸಾರ್” ಎನ್ನುತ್ತಿದ್ದ. ಇದರಲ್ಲಿ ವಿಚಿತ್ರವೇನಿದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಬೀದಿಯಲ್ಲಿ ಎದುರಾದರೆ ಅವರ ದೃಷ್ಟಿ ಇವನ ತಲೆಯ ಮೇಲಿಂದ ಹಾದು ಯಾವುದೋ ಅಂಗಡಿಯ ಬೋರ್ಡು ಓದುತ್ತಿತ್ತು. ಇವನೂ ಸೌಜನ್ಯಕ್ಕಾಗಿ ಅದೇ ಬೋರ್ಡು ಓದುತ್ತಿದ್ದ.

ಅಂಥ ಒಂದು ಮಧ್ಯಾಹ್ನ, ಹಲ್ಲು ಬಟ್ಟಲಲ್ಲಿದ್ದಾಗ, ಇವನು ವಿಷಯ ತೆಗೆದ.

“ನಡತೆ ಪತ್ರ ತಾನೇ? ಲೋ, ನಿನಗೆ ಬರೆದುಕೊಡದೆ ಇನ್ಯಾರಿಗೋ ಬರೆದುಕೊಡ್ಲಿ? ನಾಳೆ ಬೆಳಿಗ್ಗೆ ನಿನ್ನ ಕೈಲಿರುತ್ತೆ!” ಎಂದು ಗೆಳೆಯ ಅವನ ಬೆನ್ನಿಗೆ ಗುದ್ದಿದ. ಆಮೇಲೆ ಹಲ್ಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, “ತಮ್ಮ ಮನವಿಯನ್ನ ಸಹಾನುಭೂತಿಯಿಂದ ಪರಿಶೀಲಿಸೋಣ. ನಮ್ಮ ಆಪ್ತ ಸಹಾಯಕರ ಹತ್ತಿರ ಒಂದು ಪ್ರತಿ ಕೊಟ್ಟಿರಿ” ಎಂದು ಹೋದ.

ನಾಳೆ ಬಂತು, ಪತ್ರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಲಿನ ಮಹಡಿ ಪೂರ್ತಿ ಹೋಗಿ ಮೆಟ್ಟಿಲು ನೇರ ಆಕಾಶಕ್ಕೆ ಹತ್ತುವಂತಾಯಿತು. ಅಂಚೆ ಡಬ್ಬಿ ಇದ್ದ ಗೋಡೆಯೂ ಬಿದ್ದಾಗ, ಇವರ ಅವಸ್ಥೆ ಗೊತ್ತಿದ್ದ ಮೇಸ್ತ್ರಿ ಡಬ್ಬಿಯನ್ನು ಕಿತ್ತು ಮರದ ಗೂಟವೊಂದಕ್ಕೆ ಹೊಡೆದು ಬೀದಿಯಲ್ಲಿ ನೆಟ್ಟುಕೊಟ್ಟ. ಹಲ್ಲು ಕಟ್ಟುವವನು ಬೆಳಿಗ್ಗೆ ಅದರ ಬಾಯಿ ತೆಗೆದು ನೋಡುತ್ತಿದ್ದ, ಸಂಜೆ ತೆಗೆದು ನೋಡುತ್ತಿದ್ದ, ನಡುವೆ ಕೈಹಾಕಿ ತಡಕುತ್ತಿದ್ದ. ಹೆಂಡತಿ ಪಾತ್ರೆಗಳನ್ನೆಲ್ಲ ಮೂಟೆ ಕಟ್ಟಿಟ್ಟಿದ್ದವಳು ಅಡುಗೆಗೆ ಒಂದೊಂದೇ ಬಿಚ್ಚಿ, ತೊಳೆದು, ಮತ್ತೆ ಮೂಟೆಗೆ ಸೇರಿಸುತ್ತಿದ್ದಳು. ಅತ್ತೆ ಮಂಚದ ಮೇಲೆ ಕೊಡೆ ಬಿಚ್ಚಿಕೊಂಡು ಮಲಗಲು ಕಲಿತರು.

ಕಾಯುವುದೇನೋ ಸರಿ, ಆದರೆ ಕಾಯುವವನು ಹೇಗಿರಬೇಕು? ಯಾರಾದರೂ ಮರೆಯಲ್ಲಿ ನಿಂತು ತನ್ನ ನಡತೆ ನೋಡಿಕೊಂಡು ಹೋಗಿ ವರದಿ ಒಪ್ಪಿಸುತ್ತಿದ್ದರೆ ಎಂಬ ಹೆದರಿಕೆ ಅವನನ್ನು ಹಿಡಿದುಬಿಟ್ಟಿತು. ರಸ್ತೆಯನ್ನು ಪಟ್ಟೆ ಇದ್ದಲ್ಲಿ ಮಾತ್ರ ದಾಟತೊಡಗಿದ. ಬೀದಿನಾಯಿಗೂ ದಾರಿ ಬಿಟ್ಟುಕೊಟ್ಟ. ತರಕಾರಿಯವಳು ಕೊಳೆತದ್ದನ್ನು ತಕ್ಕಡಿಗೆ ಹಾಕಿದರೂ ‘ಸಂತೋಷ’ ಎಂದ. ಮನೆಯಲ್ಲಿ ಅತ್ತೆ ಬೇಕೆಂದೇ ಕೆಣಕಿದರೂ ಉತ್ತರ ಕೊಡಲಿಲ್ಲ. ಅತ್ತೆಗೆ ಇದು ತಡೆಯಲಾಗಲಿಲ್ಲ. “ಅಳಿಯಂದಿರಿಗೆ ಮೈ ಹುಷಾರಿಲ್ವೇನೇ? ಬೈದು ಎಷ್ಟು ದಿನ ಆಯ್ತು!” ಎಂದು ಮಗಳ ಹತ್ತಿರ ಕಣ್ಣೀರು ಹಾಕಿದರು.

ಕೊನೆಗೆ ಅವನು ಆಪ್ತ ಸಹಾಯಕನ ಬಾಗಿಲಿಗೆ ಹೋದ.

“ತಮ್ಮ ಕಡತ ಮೇಲಿದೆ” ಎಂದ ಸಹಾಯಕ, ತಲೆ ಎತ್ತದೆ.

“ಮೇಲೆ ಅಂದರೆ?”

“ಮೇಲೆ ಅಂದರೆ ಮೇಲೆ. ಇಳಿದು ಬಂದಾಗ ತಿಳಿಸ್ತೀವಿ.”

ಇತ್ತೀಚೆಗೆ ಮೇಲಿನಿಂದ ಇಳಿದು ಬರುತ್ತಿದ್ದದ್ದೆಲ್ಲ ಇಟ್ಟಿಗೆಯೇ ಆದ್ದರಿಂದ ಅವನಿಗೆ ಈ ಮಾತು ಹಿತವೆನಿಸಲಿಲ್ಲ.

ಮುಂದಿನ ಸಲ ಗೆಳೆಯ ಬರುವ ದಿನ ಬೆಳಿಗ್ಗೆಯೇ ಅತ್ತೆ ಅಳಿಯನನ್ನು ಕೂರಿಸಿಕೊಂಡು ಉಪದೇಶ ಮಾಡಿದರು. “ನೋಡಿ, ಹಲ್ಲು ಬಟ್ಟಲಿಗೆ ಬೀಳ್ಲಿ. ಬಿದ್ದ ಮೇಲೆ ಬಟ್ಟಲು ಎತ್ತಿ ಬೀರುವಿನಲ್ಲಿ ಇಡಿ, ಬೀಗ ಹಾಕಿ. ಪತ್ರ ಬರೆದರೆ ಹಲ್ಲು, ಇಲ್ಲದಿದ್ದರೆ ಇಲ್ಲ. ಸಂಜೆ ಸಭೆ ಇದೆಯಂತಲ್ಲ? ಬೊಚ್ಚುಬಾಯಲ್ಲಿ ಅದ್ಹೇಗೆ ಬಾದಾಮಿ ಕಡೀತಾರೋ ನೋಡೇಬಿಡೋಣ.”

“ಅಮ್ಮ ಹೇಳೋದು ಸರಿಯಾಗೇ ಇದೆ ರೀ” ಎಂದಳು ಹೆಂಡತಿ. ಅವಳ ಕೂದಲಲ್ಲಿ ಸುಣ್ಣದ ಪುಡಿ ನಿಂತಿತ್ತು. ಅದನ್ನು ನೋಡಿ ಅವನಿಗೂ ಸರಿ ಅನ್ನಿಸಿತು.

ಮಧ್ಯಾಹ್ನ ಹಲ್ಲು ಬಟ್ಟಲಿಗೆ ಬಿತ್ತು. ಇವನು ಬಾಯಿ ತೆಗೆಯುವ ಮೊದಲೇ ಗೆಳೆಯ ಕೈಹಿಡಿದುಕೊಂಡ. “ಲೋ, ನಿನ್ನ ಪತ್ರ ಬರೆಯೋಕೆ ದಿನಾ ಕೂರ್ತೀನಿ ಕಣೋ. ‘ಹೇಗೆ ಬಲ್ಲಿರಿ’ ಅಂತ ಇದೆಯಲ್ಲ, ಅಲ್ಲಿಗೆ ಬಂದು ಪೆನ್ನು ನಿಂತುಬಿಡುತ್ತೆ. ಹಲ್ಲು ಕಟ್ಟೋನು ಅಂತ ಬರೆದರೆ, ಅವನ ಹತ್ತಿರ ನಿಮಗೇನು ಕೆಲಸ ಅಂತ ಕೇಳಲ್ವೇನೋ?”

“ಜೊತೇಲಿ ಓದಿದೋನು ಅಂತ ಬರಿ.”

“ನಾನು ಮನೇಲೇ ಮೇಷ್ಟ್ರನ್ನಿಟ್ಟು ಓದಿದೋನು ಅಂತ ಆತ್ಮಕಥೇಲಿ ಅಚ್ಚಾಗಿದೆಯಲ್ಲೋ!”

“ನೀರಲ್ಲಿ ಮುಳುಗ್ತಿದ್ದೆ, ಇವನು ಎತ್ತಿದ ಅಂತ ಬರಿ.”

“ಈಜು ಸಂಘಕ್ಕೂ ನಾನೇ ಗೌರವಾಧ್ಯಕ್ಷ ಕಣೋ, ಮುಳುಗಿದೆ ಅಂತ ಹೇಗೆ ಬರೀಲಿ?” ಎಂದು ಗೆಳೆಯ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ, “ಕಣ್ಣಾರೆ ಕಂಡ ಪ್ರಸಂಗ ಬೇಕಂತೆ. ನಾನು ಕಂಡಿರೋದು ಒಂದೇ ಕಣೋ. ಇಷ್ಟು ವರ್ಷ ನೀನು ನನ್ನ ವಿಷಯ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಅದಕ್ಕಿಂತ ದೊಡ್ಡ ನಡತೆ ಯಾವುದೋ ಇದೆ? ಅದನ್ನೇ ಬರೆಯೋಣ ಅಂದ್ರೆ, ಬರೆದ ತಕ್ಷಣ ನೀನು ಕಾಪಾಡಿದ್ದೆಲ್ಲ ನಾನೇ ಬೀದಿಗೆ ಚೆಲ್ಲಿದ ಹಾಗಾಯ್ತಲ್ಲೋ!” ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸೆಟ್ಟು ಇವನ ಅಂಗೈಯಲ್ಲಿತ್ತು. ಬೀರು ಪಕ್ಕದಲ್ಲೇ ಇತ್ತು, ಬೀಗದ ಕೈ ಜೇಬಿನಲ್ಲಿತ್ತು. ಹಲ್ಲು ಅಡವಿಟ್ಟುಕೊಂಡು ಬರೆಸಿಕೊಂಡ ನಡತೆ ಎಂಥ ನಡತೆ ಎಂದು ಅವನು ಯೋಚಿಸಿದ ಅಂತ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಎದುರಿಗೆ ಬೊಚ್ಚುಬಾಯಿ ಬಿಟ್ಟುಕೊಂಡು ನಗುತ್ತಿದ್ದವನ ಮುಖ ನೋಡಿ ಅವನ ಕೈ ಬರಲಿಲ್ಲ, ಅಷ್ಟೇ. ಒರೆಸಿ ಕೊಟ್ಟ. ಹಲ್ಲು ಒಳಗೆ ಹೋಯಿತು. “ಏನಾದರೊಂದು ಮಾರ್ಗ ಕಂಡುಹಿಡಿಯೋಣ” ಎಂದರು ಗೌರವಾಧ್ಯಕ್ಷರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಆ ಮಾರ್ಗ ಅಂಚೆ ಡಬ್ಬಿಯಲ್ಲಿ ಬಂದಾಗ ಕೆಡವುವವರು ಇವರ ಸೂರಿನ ಮೇಲೇ ನಿಂತಿದ್ದರು. ಹೆಂಡತಿ ಮೇಲಿನ ಸದ್ದಿಗಿಂತ ಜೋರಾಗಿ ಪತ್ರ ಓದಿದಳು:

“ಇವರನ್ನು ನಾನು ಬಹುಕಾಲದಿಂದ ಬಲ್ಲೆ. ಬಾಲ್ಯದ ಸಿಹಿಯ ಚಪಲದಿಂದಾಗಿ ತಮ್ಮ ಸಮಸ್ತ ಹಲ್ಲುಗಳನ್ನೂ ಕಳೆದುಕೊಂಡು ಇವರು ಕಣ್ಣೀರಿಡುತ್ತ ನನ್ನಲ್ಲಿಗೆ ಬಂದರು. ನಾನು ಮರುಗಿ, ಇವರಿಗೆ ಎರಡು ಸಾಲು ಹಲ್ಲು ಕಟ್ಟಿಸಿಕೊಟ್ಟೆ. ಅಂದಿನಿಂದ ಇವರು ಸುಳ್ಳಾಡಿದ್ದನ್ನಾಗಲಿ ಸಿಹಿ ಮುಟ್ಟಿದ್ದನ್ನಾಗಲಿ ನಾನು ಕಂಡಿಲ್ಲ. ಇಂಥ ಕೃತಜ್ಞ ಜೀವಿ ತಮ್ಮ ಕಟ್ಟಡದಲ್ಲಿ ವಾಸಿಸುವುದು ಕಟ್ಟಡಕ್ಕೇ ಶೋಭೆ.”

ಹೆಂಡತಿ ಪತ್ರ ಮಡಚಿ ಗಂಡನ ಬಾಯಿಯನ್ನೇ ನೋಡಿದಳು. ಅಲ್ಲಿದ್ದ ಹಲ್ಲುಗಳೆಲ್ಲ ಅವನ ತಾಯಿ ಹಾಲುಣಿಸಿ ಬೆಳೆಸಿದವು. ಅತ್ತೆ ಕೊಡೆ ಕೆಳಗಿಟ್ಟು ನಗಲು ಶುರುಮಾಡಿದವರು ಎದೆ ಹಿಡಿದುಕೊಳ್ಳುವ ತನಕ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಕಮಿಟಿಯವರೂ ಹೇಳಿಕಳಿಸಿದರು: ಪತ್ರದ ಪ್ರತಿ ತಲುಪಿದೆ, ಪ್ರಸಂಗದ ಪರಿಶೀಲನೆ ನಾಳೆ, ಹಲ್ಲು ಸಮೇತ ಖುದ್ದಾಗಿ ಹಾಜರಾಗಬೇಕು.

“ಕೀಳಿಸಿಬಿಡಿ” ಎಂದರು ಅತ್ತೆ, ನಗು ಹತೋಟಿಗೆ ಬಂದ ಮೇಲೆ. “ಹೇಗೂ ಕಟ್ಟೋ ಕಸುಬು ಕೈಲಿದೆ. ಬೇರೆಯವರಾದರೆ ಖರ್ಚು.”

“ಮನೆಗೋಸ್ಕರ ಹಲ್ಲು ಕೀಳಿಸ್ಕೊಳ್ಳೋದಾ ಅಮ್ಮಾ!” ಎಂದಳು ಹೆಂಡತಿ.

“ಮತ್ತೆ ಹಲ್ಲಿಟ್ಕೊಂಡು ಬೀದೀಲಿ ಮಲಗ್ತೀರಾ?”

ನಗಬೇಡಿ, ಅವನು ನಿಜವಾಗಿಯೂ ಕನ್ನಡಿಯ ಮುಂದೆ ಹೋಗಿ ನಿಂತ. ಹಲ್ಲಿನ ಬಣ್ಣದ ಮಾದರಿ ಪಟ್ಟಿಯನ್ನು ತುಟಿಯ ಹತ್ತಿರ ಹಿಡಿದು ತನಗೆ ಯಾವ ಬಿಳುಪು ಒಪ್ಪುತ್ತದೆ ಎಂದೂ ನೋಡಿಕೊಂಡ. ಆಗ ಸೂರಿನಿಂದ ಒಂದು ಹೆಂಟೆ ಬಿದ್ದು, ಆದ ತೂತಿನಲ್ಲಿ ಮೇಸ್ತ್ರಿಯ ಕಣ್ಣು ಕಾಣಿಸಿತು. “ಸ್ವಾಮಿ, ನಿಮ್ಮದಕ್ಕೆ ಬಂದುಬಿಟ್ವಿ. ನಾಳೆ ಒಂದು ದಿನ ತಡೀತೀನಿ, ಆಮೇಲೆ ನನ್ನ ಕೈಲಿಲ್ಲ” ಎಂದಿತು ಕಣ್ಣು.

ಕಮಿಟಿಯ ಮೇಜಿನ ಆಚೆ ಇಬ್ಬರಿದ್ದರು, ನಿವೃತ್ತ ಹೆಡ್‌ಮಿಸ್ ಮತ್ತು ಗಟ್ಟಿ ತೋಳಿನ ಖಜಾಂಚಿ. ಹೆಡ್‌ಮಿಸ್ ಮಾತಾಡಲು ಶುರುಮಾಡಿದ ತಕ್ಷಣ ಹಲ್ಲು ಕಟ್ಟುವವನ ಕಿವಿ ನಿಮಿರಿತು. ಮೇಲಿನ ಸಾಲು ಮಾತಿಗಿಂತ ಮುಂದೆ, ಕೆಳಗಿನ ಸಾಲು ಮಾತಿಗಿಂತ ಹಿಂದೆ. ಯಾರೋ ಅವಸರದಲ್ಲಿ ಕಟ್ಟಿಕೊಟ್ಟ ಸೆಟ್ಟು. ಪಾಪ ಅನ್ನಿಸಿತು.

“ಅರ್ಜಿಯಲ್ಲಿ ನಿಮ್ಮ ಕಸುಬೇ ಹಲ್ಲು ಕಟ್ಟೋದು ಅಂತಿದೆ. ಪತ್ರದಲ್ಲಿ ನಿಮಗೆ ಗೌರವಾಧ್ಯಕ್ಷರು ಹಲ್ಲು ಕಟ್ಟಿಸಿಕೊಟ್ರು ಅಂತಿದೆ. ಇದು ಹೇಗೆ?”

“ಉಪಕಾರ ಪಡೆದ ಮೇಲೆ ಅದನ್ನೇ ಕಲಿತು ಕಸುಬು ಮಾಡ್ಕೊಂಡೆ ಮೇಡಂ” ಎಂದ. ಇಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವನೇ ಬೆರಗಾದ.

“ಸರಿ. ತೆಗೆದು ತೋರಿಸಿ.”

ಅವನು ಎರಡು ಬೆರಳು ಹಾಕಿ ಎಳೆದ, ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಎಳೆದ. “ಬರೋದಿಲ್ಲ ಮೇಡಂ. ಚೆನ್ನಾಗಿ ಕಟ್ಟಿದ ಹಲ್ಲು ಬಾಯಿಗೆ ಒಗ್ಗಿಹೋಗಿಬಿಡುತ್ತೆ.”

ಹೆಡ್‌ಮಿಸ್ ಖಜಾಂಚಿಯ ಕಡೆ ನೋಡಿದರು. ಖಜಾಂಚಿ ಎದ್ದು ಬಂದು, ಕರವಸ್ತ್ರ ಸುತ್ತಿ ಮುಂದಿನ ಹಲ್ಲು ಹಿಡಿದು, ಕುರ್ಚಿಗೆ ಮಂಡಿ ಕೊಟ್ಟು ಎಳೆದ. ಕುರ್ಚಿ ಬಂತು, ಮನುಷ್ಯ ಬಂದ, ಹಲ್ಲು ಬರಲಿಲ್ಲ. ಹಲ್ಲು ಕಟ್ಟುವವನಿಗೆ ಕಣ್ಣು ಕತ್ತಲೆ ಬಂತು, ಆದರೂ ನೋವಿನ ಸದ್ದು ಮಾಡಲಿಲ್ಲ. ಕಟ್ಟಿಸಿದ ಹಲ್ಲಿಗೆ ನೋವೆಲ್ಲಿಯದು?

“ಇದು ನಿಜವಾಗಿಯೂ ಕಟ್ಟಿಸಿದ್ದಾ?” ಎಂದು ಹೆಡ್‌ಮಿಸ್ ಕೇಳಿದರು. ಸಂಶಯಕ್ಕಿಂತ ಆಸೆಯೇ ಹೆಚ್ಚಾಗಿದ್ದ ದನಿ.

“ಗೌರವಾಧ್ಯಕ್ಷರು ಸುಳ್ಳು ಬರೀತಾರಾ ಮೇಡಂ?”

ಹೌದು ಎನ್ನುವ ಧೈರ್ಯ ಊರಲ್ಲಿ ಯಾರಿಗಿತ್ತು? ಬೀಗದ ಕೈ ಮೇಜು ದಾಟಿ ಬಂತು. ಸಂಜೆಯೊಳಗೆ ಪಾತ್ರೆಯ ಮೂಟೆ, ಮಂಚ, ಕೊಡೆ ಹಿಡಿದ ಅತ್ತೆ ಎಲ್ಲ ಬೀದಿ ದಾಟಿಯಾಯಿತು. ಹೆಂಡತಿ ಹೊಸ ನಲ್ಲಿ ತಿರುಗಿಸಿ, ನೀರು ಬಂದದ್ದನ್ನು ನೋಡಿ, ಸುಮ್ಮನೆ ಅತ್ತಳು. ಅವನಿಗೂ ಸಂತೋಷವಾಗಿತ್ತು, ಇಲ್ಲವೆನ್ನಲಾಗದು. ಮರುದಿನ ಮಧ್ಯಾಹ್ನ ಕೆಲಸದ ಕೋಣೆಯ ಹಿಂದಿನ ಬಾಗಿಲು ತಟ್ಟಿದ ಸದ್ದಾಗಿ ತೆರೆದರೆ, ಹೆಡ್‌ಮಿಸ್ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು.

ಮುಂದಿನ ಸಭೆಯಲ್ಲಿ ಗೌರವಾಧ್ಯಕ್ಷರು ಬಾದಾಮಿ ಕಡಿದ ಮೇಲೆ ಭಾಷಣ ನಿಲ್ಲಿಸಲಿಲ್ಲ. ತಮ್ಮಂತೆ ಭಾಗ್ಯವಂತರಲ್ಲದ, ಸಿಹಿಗೆ ಸೋತು ಹಲ್ಲು ಕಳೆದುಕೊಂಡ ಬಡಪಾಯಿಯೊಬ್ಬರ ಕಥೆ ಹೇಳಿದರು. ಅದರ ಮುಂದಿನ ಸಭೆಯಲ್ಲಿ ಕಥೆಗೆ ಮಳೆ ಸೇರಿತು, ಬಡಪಾಯಿ ಮಳೆಯಲ್ಲಿ ನೆನೆಯುತ್ತ ಬಂದ. ಮೂರನೆಯದರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದವನನ್ನು ವೇದಿಕೆಗೆ ಕರೆಸಿ, “ಇವರೇ! ನಗಿ, ಎಲ್ಲರಿಗೂ ಕಾಣೋ ಹಾಗೆ ನಗಿ!” ಎಂದರು. ಅವನು ನಕ್ಕ. ಒಂದು ಬಾದಾಮಿ ಕೊಟ್ಟರು, ಕಡಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೌರವಾಧ್ಯಕ್ಷರು ಅವನ ಭುಜ ಹಿಡಿದುಕೊಂಡರು, ಅವರ ಕಣ್ಣು ಒದ್ದೆಯಾಗಿತ್ತು. ಎಷ್ಟು ಚೆನ್ನಾಗಿ ನಟಿಸುತ್ತಾನೆ, ಬರಲಿ ಮಧ್ಯಾಹ್ನ, ಇದನ್ನು ಹೇಳಿ ಹೇಳಿ ನಗಿಸಬೇಕು ಎಂದುಕೊಂಡ ಇವನು.

ಆದರೆ ಆ ಮಧ್ಯಾಹ್ನ ಗೆಳೆಯ ಬರಲಿಲ್ಲ. ನಾಲ್ಕನೆಯ ಸಭೆ ಆಯಿತು, ಐದನೆಯದೂ ಆಯಿತು. ಪ್ರತಿ ಸಭೆಯ ಮರುದಿನ ಇವನು ಬಟ್ಟಲಿಗೆ ನೀರು ಹಾಕಿ, ಬ್ರೆಡ್ಡು ತಂದಿಟ್ಟು ಕಾದ. ಪತ್ರಕ್ಕಾಗಿ ಕಾದದ್ದು ಇದರ ಮುಂದೆ ಏನೂ ಅಲ್ಲ. ಆ ಒಸಡು ಎಷ್ಟು ಬೇಗ ಹುಣ್ಣಾಗುತ್ತದೆ ಎಂದು ಬಲ್ಲವನು ಅವನೊಬ್ಬನೇ.

ಕೊನೆಗೊಂದು ಮಧ್ಯಾಹ್ನ ಮುಂದಿನ ಬಾಗಿಲಿಗೆ ಕಾರು ಬಂದು ನಿಂತಿತು. ಗೌರವಾಧ್ಯಕ್ಷರು ಮಫ್ಲರ್ ಇಲ್ಲದೆ ಇಳಿದರು, ಸಹಾಯಕ ಕಾರಿನಲ್ಲೇ ಉಳಿದ. ಎಡಗೆನ್ನೆ ಊದಿತ್ತು, ಮಾತು ಬಲಗಡೆಯಿಂದ ಮಾತ್ರ ಬರುತ್ತಿತ್ತು. ಇವನ ಮನಸ್ಸು ಅರಳಿಹೋಯಿತು. ಓಡಿಹೋಗಿ ಚಿಲಕ ಹಾಕಿದ, ಬಟ್ಟಲು ಮುಂದಿಟ್ಟ.

“ಎಷ್ಟು ದಿನ ಆಯ್ತೋ! ಎಡಗಡೆ ಕೆಳಗೆ ತಾನೇ ನೋವು? ಕೊಡು ಇಲ್ಲಿ, ತೆಗಿ.”

ಗೌರವಾಧ್ಯಕ್ಷರು ಬಟ್ಟಲನ್ನು ನೋಡಿದರು. “ಏನನ್ನ ತೆಗೀಬೇಕು?”

“ಹಲ್ಲು ಕಣೋ.”

ಅವರು ಕನಿಕರದಿಂದ ನಕ್ಕರು. “ನಮ್ಮದು ಹುಟ್ಟಿದ ಹಲ್ಲು ಅಂತ ತಮಗೆ ಗೊತ್ತಿಲ್ವಾ? ಒಸಡು ಸ್ವಲ್ಪ ಊದಿದೆ, ವಯಸ್ಸಲ್ವಾ. ನಾವು ಬಂದಿದ್ದು ತಮ್ಮ ಹಲ್ಲು ನೋಡೋಕೆ. ಕೊಡಿಸಿದ ಮೇಲೆ ಹೇಗಿವೆ ಅಂತ ವಿಚಾರಿಸ್ಕೋಬೇಕಾದ್ದು ನಮ್ಮ ಕರ್ತವ್ಯ. ಎಲ್ಲಿ, ಕೂತ್ಕೊಳ್ಳಿ.”

ಈಗ ನಗುತ್ತಾನೆ, ಈಗ ‘ಲೋ’ ಎಂದು ಬೆನ್ನಿಗೆ ಗುದ್ದುತ್ತಾನೆ ಎಂದು ಇವನು ಕಾದ. ಅವರ ಕಣ್ಣಿನಲ್ಲಿ ತಮಾಷೆ ಇರಲಿಲ್ಲ, ಬರೀ ದಯೆ ಇತ್ತು. ಹಲಗೆಯ ಮೇಲಿದ್ದ ಅವರ ಬಾಯಿಯ ಅಚ್ಚು ತೆಗೆದು ಕೈಗೆ ಕೊಟ್ಟರೆ ಒಂದು ನಿಮಿಷದ ಕೆಲಸ. ಕೊಡಲಿಲ್ಲ. ಇಷ್ಟು ಕಾಲ ಊರಿಗೆ ಹೇಳದೆ ಕಾಪಾಡಿದ ಗುಟ್ಟನ್ನು ಇನ್ನು ಮೇಲೆ ಅದರ ಯಜಮಾನನಿಗೂ ಹೇಳದೆ ಕಾಪಾಡಬೇಕಾಗಿತ್ತು. ಹೊಸ ಮನೆಯಲ್ಲಿ ಅತ್ತೆ ಕೊಡೆ ಇಲ್ಲದೆ ಮಲಗಿದ್ದರು.

ಅವನು ಕೂತು ಬಾಯಿ ತೆರೆದ. ಗೌರವಾಧ್ಯಕ್ಷರು ಬಗ್ಗಿ, ಬೆರಳು ಹಾಕಿ, ಒಂದೊಂದೇ ಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು. ಅಷ್ಟು ಹತ್ತಿರದಲ್ಲಿ ಅವರ ತುಟಿಯಂಚಿನ ಎಂಜಲು ಕೆಂಪಗಿರುವುದು ಕಾಣುತ್ತಿತ್ತು. ಲೋ, ರಕ್ತ ಬರ್ತಿದೆ ಕಣೋ, ತೆಗಿಯೋ ಎಂದು ಇವನಿಗೆ ಕೂಗಬೇಕೆನಿಸಿತು, ಆದರೆ ಬಾಯಿಯ ತುಂಬ ಗೆಳೆಯನ ಬೆರಳಿತ್ತು.

“ಗಟ್ಟಿಯಾಗಿ ಕೂತಿವೆ” ಎಂದು ಗೌರವಾಧ್ಯಕ್ಷರು ಬೆರಳು ತೆಗೆದು ಕರವಸ್ತ್ರಕ್ಕೆ ಒರೆಸಿಕೊಂಡರು. “ಎಲ್ಲಾದರೂ ನೋಯ್ತಿದ್ದರೆ ಸಂಕೋಚ ಬೇಡ, ಹೇಳಿ.”

ಈಗ ಬಾಯಿ ಖಾಲಿಯಾಗಿತ್ತು.

“ಏನೂ ನೋವಿಲ್ಲ ಸಾರ್” ಎಂದ ಅವನು.